ಕಿಡ್ನಿ ಡಾಕ್ಟರ ಸಂಪಾದನೆ

‘ಕಿಡ್ನಿ ಡಾಕ್ಟರಿಗೇನ್ರೀ, ಕೈತುಂಬ ದುಡ್ಡು’ ಅನ್ನುತ್ತೇವಲ್ಲ, ಸ್ವಲ್ಪ ಲೆಕ್ಕ ಹಾಕೋಣ. ಎಂಬಿಬಿಎಸ್‌ಗೆ ಐದೂವರೆ ವರ್ಷ, ಎಂಡಿಗೆ 3, ನೆಫ್ರಾಲಜಿ ಡಿಎಂಗೆ ಮತ್ತೆ 3. ಓದು ಮುಗಿಯುವಾಗ ವಯಸ್ಸು ಮೂವತ್ತು! ಸಸೂನ್‌ನಂಥ ಸರ್ಕಾರಿ ಆಸ್ಪತ್ರೆಯಲ್ಲಿ ನಿಗದಿತ ಸಂಬಳ. ಖಾಸಗಿಯಲ್ಲಿ ಹೆಸರು ಬಂದ ಮೇಲೆ ಒಳ್ಳೆಯ ಆದಾಯ, ನಿಜ. ಆದರೆ ಡಯಾಲಿಸಿಸ್ ಬಿಲ್ಲೆಲ್ಲ ಅವರ ಜೇಬಿಗಲ್ಲ. ಯಂತ್ರ, ಫಿಲ್ಟರ್, ತಂತ್ರಜ್ಞರು, ನಾಲ್ಕು ಗಂಟೆಗೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು, ಎಲ್ಲಕ್ಕೂ ಖರ್ಚುಂಟು. ಬಡವರಿಗೆ ಜಿಲ್ಲಾಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ನೀಡುವ ಕೇಂದ್ರದ ಯೋಜನೆ 2016ರಲ್ಲಿ ಶುರುವಾಯಿತು, ವಿಚಾರಿಸಿ. ಸಕ್ಕರೆ ಕಾಯಿಲೆ, ಬಿಪಿ ಇದ್ದವರು ವರ್ಷಕ್ಕೊಮ್ಮೆ ಮೂತ್ರ ಹಾಗೂ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಬೇಗ ಕೊಟ್ಟ ಫೀಸು ಸಣ್ಣದು. ತಡಮಾಡಿದರೆ ವಾರಕ್ಕೆ ಎರಡು-ಮೂರು ಸಲ ಡಯಾಲಿಸಿಸ್. ಲೆಕ್ಕ ನಿಮ್ಮದೇ!