ಮಿತಿ ಎಂದರೆ ಅಪನಂಬಿಕೆಯಲ್ಲ
(ವಿದ್ಯಾರ್ಥಿಗಳ ಕಂಪ್ಯೂಟರ್ ಶಿಬಿರದಲ್ಲಿ ಮಾಡಿದ ಭಾಷಣ)



ನಾನು ಕಾಲೇಜಿನಲ್ಲಿದ್ದಾಗ ಲ್ಯಾಬಿನಲ್ಲಿ ಒಂದೇ ಲಿನಕ್ಸ್ ಸರ್ವರ್ ಇತ್ತು. ಮೂವತ್ತು ಮಂದಿ ಅದಕ್ಕೇ ಲಾಗಿನ್ ಆಗುತ್ತಿದ್ದೆವು. ಒಂದು ದಿನ ನನ್ನ ಪ್ರೋಗ್ರಾಮಿನಲ್ಲಿ ಹೊಸ ಪ್ರಾಸೆಸ್ ಹುಟ್ಟಿಸುವ ‘ಫೋರ್ಕ್’ ಕರೆ, ಕೊನೆಯಿಲ್ಲದ ಲೂಪಿನೊಳಗೆ ಸೇರಿಬಿಟ್ಟಿತು. ಒಂದು ಎರಡಾಯಿತು, ಎರಡು ನಾಲ್ಕಾಯಿತು. ಕ್ಷಣಗಳಲ್ಲಿ ಸರ್ವರ್ ಸ್ತಬ್ಧವಾಯಿತು. ಎಲ್ಲರ ಉಳಿಸದ ಕೆಲಸ ಹಾಳಾಯಿತು. ಬೈಗುಳ ತಿಂದವನು ಪಕ್ಕದ ಹುಡುಗ. ನಾನು ಬಾಯಿ ಬಿಡಲಿಲ್ಲ. ಆ ಮೌನ ಇಂದಿಗೂ ನನ್ನನ್ನು ಚುಚ್ಚುತ್ತದೆ.

ತಪ್ಪು ನನ್ನದೇ. ಆದರೆ ಒಬ್ಬನ ತಪ್ಪು ಮೂವತ್ತು ಮಂದಿಗೆ ತಟ್ಟದಂತೆ ತಡೆಯುವ ಉಪಾಯ ಆ ಯಂತ್ರದಲ್ಲೇ ಇತ್ತು. ಯಾರೂ ಅದನ್ನು ಬಳಸಿರಲಿಲ್ಲ.

‘ಇಟಿಸಿ’ಯೊಳಗಿನ ‘ಸೆಕ್ಯುರಿಟಿ’ ಫೋಲ್ಡರಿನಲ್ಲಿ ‘ಲಿಮಿಟ್ಸ್ ಡಾಟ್ ಕಾನ್ಫ್’ ಎಂಬ ಕಡತವಿದೆ. ಅದರ ಪ್ರತಿ ಸಾಲಿನಲ್ಲೂ ನಾಲ್ಕು ವಿಷಯಗಳು: ಯಾರಿಗೆ, ಯಾವ ಬಗೆಯ ಮಿತಿ, ಯಾವುದರ ಮೇಲೆ, ಎಷ್ಟು. ಬಗೆಗಳು ಎರಡು. ‘ಸಾಫ್ಟ್’ ಮಿತಿಯನ್ನು ಬಳಕೆದಾರನೇ ‘ಹಾರ್ಡ್’ ಮಿತಿಯವರೆಗೆ ಏರಿಸಿಕೊಳ್ಳಬಹುದು. ‘ಹಾರ್ಡ್’ ಮಿತಿಯನ್ನು ಅವನು ಇಳಿಸಬಹುದೇ ಹೊರತು ಏರಿಸಲಾರ. ಅದು ರೂಟ್‌ನ ಅಧಿಕಾರ. ‘ಎನ್‌ಪ್ರಾಕ್’ ಎಂದರೆ ಒಬ್ಬ ಬಳಕೆದಾರನ ಒಟ್ಟು ಪ್ರಾಸೆಸ್‌ಗಳ ಮಿತಿ. ‘ನೋಫೈಲ್’ ಎಂದರೆ ಒಂದು ಪ್ರಾಸೆಸ್ ತೆರೆಯಬಹುದಾದ ಕಡತಗಳ ಮಿತಿ. ಇದರ ಸಾಫ್ಟ್ ಮಿತಿ ಸಾಮಾನ್ಯವಾಗಿ 1024. ವಿದ್ಯಾರ್ಥಿಗಳ ಗುಂಪಿಗೆ ‘ಎನ್‌ಪ್ರಾಕ್’ ಹಾರ್ಡ್ ಮಿತಿ 200 ಎಂದು ಬರೆದರೆ ಪ್ರತಿಯೊಬ್ಬನಿಗೂ 200 ಸಿಗುತ್ತದೆ. ಎಲ್ಲರಿಗೂ ಸೇರಿ 200 ಅಲ್ಲ. ಹೀಗಿದ್ದರೆ ನನ್ನ ಪ್ರೋಗ್ರಾಮ್ 200ರ ಗಡಿಯಲ್ಲೇ ನಿಲ್ಲುತ್ತಿತ್ತು.

ಮಿತಿ ಹಾಕುವವರು ಕೆಲವು ವಿಷಯ ನೆನಪಿಡಬೇಕು. ಈ ಲೆಕ್ಕಕ್ಕೆ ಥ್ರೆಡ್‌ಗಳೂ ಸೇರುತ್ತವೆ. ಬ್ರೌಸರ್ ಬಳಸುವ ಕಡೆ 200 ಸಾಲದೆ ಹೋಗಬಹುದು. ಆದ್ದರಿಂದ ಮೊದಲು ಬಳಕೆ ಎಷ್ಟೆಂದು ನೋಡಿ, ನಂತರ ಅಂಕಿ ಹಾಕಿ. ಬದಲಾವಣೆ ಹೊಸ ಲಾಗಿನ್‌ಗೆ ಮಾತ್ರ ಅನ್ವಯಿಸುತ್ತದೆ. ‘ಯುಲಿಮಿಟ್’ ಆಜ್ಞೆಯಿಂದ ಪರೀಕ್ಷಿಸುವ ತನಕ ರೂಟ್‌ನ ಒಂದು ಟರ್ಮಿನಲ್ ತೆರೆದೇ ಇರಲಿ. ಈ ಕಡತದ ಮೆಮೊರಿ ಮಿತಿ ಒಂದೊಂದು ಪ್ರಾಸೆಸ್‌ಗೆ ಮಾತ್ರ. ಬಳಕೆದಾರನ ಒಟ್ಟು ಮೆಮೊರಿಗೆ ಕಡಿವಾಣ ಹಾಕಲು ‘ಸಿಗ್ರೂಪ್’ ವ್ಯವಸ್ಥೆ ಬೇಕು.

ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂದು ಬಾಲ್ಯದಲ್ಲೇ ಕಲಿತವರು ನಾವು. ಹೌಝ್‌ನ ನೀರಿನಲ್ಲಿ ನಮ್ಮ ನಂತರ ಬರುವವನಿಗೂ ಹಕ್ಕಿದೆ. ಸರ್ವರ್ ಕೂಡ ಹಾಗೆಯೇ. ಮಿತಿಯು ಪಕ್ಕದವನ ಹಕ್ಕನ್ನು ಕಾಯುತ್ತದೆ, ಎಡವಿದವನನ್ನೂ ಕಾಯುತ್ತದೆ.

ಲ್ಯಾಬ್ ನೋಡಿಕೊಳ್ಳುವವರೇ, ಮಿತಿ ಹಾಕಿ. ವಿದ್ಯಾರ್ಥಿಗಳೇ, ಧೈರ್ಯದಿಂದ ಪ್ರಯೋಗ ಮಾಡಿ. ತಪ್ಪಾದರೆ ಕೈಯೆತ್ತಿ ಒಪ್ಪಿಕೊಳ್ಳಿ. ನಾನು ಅಂದು ಎತ್ತಲಿಲ್ಲ.