ಮುಂದಾಳು ಇಲ್ಲದ ದಿನ



ಒಂದು ಹಳ್ಳಿಯ ಹಾಲು ಉತ್ಪಾದಕರ ಸಂಘವನ್ನು ನೆನೆಸಿಕೊಳ್ಳಿ. ಬೆಳಗಿನ ಹೊತ್ತು, ಕ್ಯಾನು ಹಿಡಿದವರು ಸಾಲಾಗಿ ನಿಂತಿದ್ದಾರೆ. ಆ ದಿನ ಕಾರ್ಯದರ್ಶಿಗೆ ಜ್ವರ. ಹಾಲಿನ ಜಿಡ್ಡಿನಂಶ ಪರೀಕ್ಷಿಸುವುದು ಅವರೊಬ್ಬರಿಗೇ ಗೊತ್ತು. ಬೀರುವಿನ ಬೀಗದ ಕೈ ಕೂಡ ಅವರ ಸೊಂಟದಲ್ಲಿದೆ. ಹತ್ತು ವರ್ಷ ಒಂದು ದಿನವೂ ತಪ್ಪದೆ ದುಡಿದವರೆಂದು ಊರೆಲ್ಲ ಹೊಗಳುವ ಮನುಷ್ಯ ಅವರು. ಹೊಗಳಿಕೆ ಸುಳ್ಳಲ್ಲ. ಆದರೆ ಆ ಹತ್ತು ವರ್ಷಗಳಲ್ಲಿ ಇನ್ನೊಬ್ಬರ ಕೈಗೆ ಆ ಕೆಲಸ ಬರಲಿಲ್ಲ.

ತಾನು ಚೆನ್ನಾಗಿ ದುಡಿಯುವ ಮುಂದಾಳು ಬೇರೆ. ದುಡಿಯಬಲ್ಲವರನ್ನು ಸುತ್ತಲೂ ತಯಾರು ಮಾಡುವ ಮುಂದಾಳು ಬೇರೆ. ಎರಡನೆಯದು ಹೇಗಿರುತ್ತದೆಂದು ತಿಳಿಯಲು ಬಂಗಾರಪೇಟೆಯ ರೈತರು ದೂರ ಹೋಗಬೇಕಾಗಿಲ್ಲ. ಮಾರಿಕುಪ್ಪಂ ರೈಲು ಹತ್ತಿದರೆ ಸಿಗುವ ಕೋಲಾರ ಚಿನ್ನದ ಗಣಿಯ ಕೆಲಸವನ್ನು ನೆನೆದರೆ ಸಾಕು.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯವರು ಕೆಲಸ ಕೈಗೊಂಡ ಮೇಲೆ ಬೆಳೆದ ಈ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಚಾಂಪಿಯನ್ ರೀಫ್ ಗಣಿಯ ಕೆಲಸ ನೆಲಮಟ್ಟದಿಂದ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು. ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತೇನೆ ಎನ್ನುವ ಮೇಲ್ವಿಚಾರಕ ಅಂಥ ಕಡೆ ಏನು ಮಾಡಿಯಾನು? ತಲೆಯ ದೀಪದ ಬೆಳಕು ಬಿದ್ದಷ್ಟೇ ಕಾಣುವ ಜಾಗ. ಆಳುಗಳು ಒಂದೊಂದು ಮೂಲೆಯಲ್ಲಿ. ತನ್ನ ತಲೆಯ ಮೇಲಿನ ಬಂಡೆ ಎಂಥದೆಂದು ಪ್ರತಿಯೊಬ್ಬನಿಗೂ ತಿಳಿದಿರಬೇಕು.

ಸಿಡಿಮದ್ದು ಹಾರಿಸಿದ ನಂತರ ಸಡಿಲವಾದ ಬಂಡೆಯನ್ನು ಪತ್ತೆ ಹಚ್ಚಲು ಗಣಿಯವರು ಉದ್ದನೆಯ ಹಾರೆಯಿಂದ ಮೇಲ್ಭಾಗವನ್ನು ತಟ್ಟಿ ನೋಡುತ್ತಾರೆ. ಗಟ್ಟಿ ಬಂಡೆ ಗಂಟೆಯಂತೆ ಖಣಿಲೆನ್ನುತ್ತದೆ. ಒಳಗೆ ಬಿಟ್ಟುಕೊಂಡದ್ದು ಒಡಕು ಮಡಕೆಯಂತೆ ಮಂಕಾಗಿ ಕೇಳುತ್ತದೆ. ಅನುಭವಸ್ಥ ತಾನು ತಟ್ಟಿ ತೋರಿಸಿದರೆ ಹೊಸಬ ಅರ್ಧ ಮಾತ್ರ ಕಲಿತಂತೆ. ಹಾರೆಯನ್ನು ಅವನ ಕೈಗೆ ಕೊಟ್ಟು, ಪಕ್ಕದಲ್ಲಿ ನಿಂತು, 'ಏನು ಕೇಳಿಸಿತು?' ಎಂದು ಕೇಳಬೇಕು. ಉತ್ತರ ತಪ್ಪಾದರೆ ಮತ್ತೊಮ್ಮೆ ತಟ್ಟಿಸಬೇಕು. ಇದನ್ನು ಒಳ್ಳೆಯ ಮನಸ್ಸಿಗಷ್ಟೇ ಬಿಡಲಾಗದೆಂದು ನಮ್ಮ ದೇಶದಲ್ಲಿ 1966ರಲ್ಲಿ ಗಣಿಗಳ ವೃತ್ತಿ ತರಬೇತಿ ನಿಯಮಗಳೇ ಬಂದವು.

ಇಲ್ಲಿ ಒಂದು ಸೂಕ್ಷ್ಮವಿದೆ. ತಪ್ಪು ಹೇಳಿದ ಹೊಸಬನನ್ನು ನಾಲ್ವರ ಮುಂದೆ ಗದರಿಸಿದರೆ ಮುಂದಿನ ಸಲ ಅವನು ಸದ್ದು ಹೇಗೇ ಇರಲಿ, 'ಗಟ್ಟಿಯಾಗಿದೆ, ಸ್ವಾಮಿ' ಎಂದುಬಿಡುತ್ತಾನೆ. ಅನುಮಾನವನ್ನು ಬಾಯಿಬಿಟ್ಟು ಹೇಳುವ ಧೈರ್ಯ ಹೋಗುತ್ತದೆ. ಟೊಮೇಟೊ ತೋಟದಲ್ಲಿ ನಡೆಯುವುದೂ ಇದೇ. ಔಷಧಿಯ ಅಳತೆ ತಪ್ಪಿದ್ದಕ್ಕೆ ಒಮ್ಮೆ ಬೈಸಿಕೊಂಡ ಆಳು ಮುಂದೆ ಅರ್ಥವಾಗದಿದ್ದರೂ 'ಆಗಲಿ' ಎಂದು ತಲೆಯಾಡಿಸಿ ಡಬ್ಬಿಯ ಮುಚ್ಚಳದಲ್ಲಿ ಅಂದಾಜಿಗೆ ಸುರಿಯುತ್ತಾನೆ. ಬೆಳೆ ಸುಟ್ಟರೆ ನಷ್ಟ ಯಜಮಾನನದು. ವಿಷ ಏರಿದರೆ ಜೀವ ಆ ಬಡವನದು. ಅಳತೆಯ ಲೋಟವನ್ನು ಅವನ ಕೈಗೇ ಕೊಟ್ಟು, ಒಂದು ಡ್ರಮ್ಮಿಗೆ ಎಷ್ಟೆಂದು ಅವನಿಂದಲೇ ಹೇಳಿಸಿ, ಅವನಿಂದಲೇ ಬೆರೆಸಿಸಿದರೆ ಹತ್ತು ನಿಮಿಷ ಹೆಚ್ಚು ಹಿಡಿದೀತು, ಅಷ್ಟೆ.

ನಮ್ಮ ಹಿರಿಯರಿಗೆ ಈ ವಿದ್ಯೆ ತಿಳಿಯದೆ ಇರಲಿಲ್ಲ. ರಾಗಿ ಬಿತ್ತನೆಯನ್ನೇ ನೋಡಿ. ಕೂರಿಗೆಯಲ್ಲಿ ಎಕರೆಗೆ 4ರಿಂದ 5 ಕಿಲೋ ಬೀಜ ಸಾಕು. ಅಷ್ಟು ಸಣ್ಣ ಕಾಳನ್ನು ಬಟ್ಟಲಿಗೆ ಸಮನಾಗಿ ಬಿಡುವುದು ಬೆರಳುಗಳ ಕೆಲಸ. ಅದನ್ನು ಮೊದಲ ದಿನವೇ ಹುಡುಗನಿಗೆ ಯಾರೂ ಒಪ್ಪಿಸುತ್ತಿರಲಿಲ್ಲ. ಮೊದಲು ಎತ್ತಿನ ಮುಂದೆ ನಡೆಯಬೇಕು. ಆಮೇಲೆ ಕೂರಿಗೆಯ ಹಿಂದೆ ಸಡ್ಡೆ ಹಿಡಿದು ಅಕ್ಕಡಿ ಸಾಲಿಗೆ ಅವರೆ ಕಾಳು ಬಿಡಬೇಕು. ಅವರೆ ದಪ್ಪ ಕಾಳು, ಕಣ್ಣಿಗೆ ಕಾಣುತ್ತದೆ. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆಯಾದ್ದರಿಂದ ತಪ್ಪಿದರೂ ಹೊಲ ಕೆಡುವುದಿಲ್ಲ. ಕೈ ಕುದುರಿದ ಮೇಲೆ ರಾಗಿ ಬಟ್ಟಲು. ಸಣ್ಣ ತಪ್ಪಿಗೆ ಅವಕಾಶ ಕೊಟ್ಟು ದೊಡ್ಡ ತಪ್ಪನ್ನು ತಡೆಯುವ ಈ ಕ್ರಮವನ್ನು ತರಬೇತಿ ಎಂದು ಯಾರೂ ಕರೆಯಲಿಲ್ಲ.

ವಿಸ್ತರಣಾ ಕಾರ್ಯಕರ್ತರು ಇದನ್ನು ವಿಶೇಷವಾಗಿ ಗಮನಿಸಬೇಕು. 1970ರ ದಶಕದ ಕೊನೆಗೆ ಕರ್ನಾಟಕಕ್ಕೆ 'ತರಬೇತಿ ಮತ್ತು ಭೇಟಿ' ಪದ್ಧತಿ ಬಂತು. ಹದಿನೈದು ದಿನಕ್ಕೊಮ್ಮೆ ಗೊತ್ತಾದ ದಿನ ಗ್ರಾಮಕ್ಕೆ ಭೇಟಿ, ಆಯ್ದ ಸಂಪರ್ಕ ರೈತರಿಗೆ ತಿಳಿವಳಿಕೆ, ಅವರಿಂದ ಉಳಿದವರಿಗೆ ಎಂಬುದು ಅದರ ಲೆಕ್ಕಾಚಾರ. ಲೆಕ್ಕಾಚಾರ ಚೆನ್ನಾಗಿಯೇ ಇತ್ತು. ಆದರೆ ಅನೇಕ ಕಡೆ ತಿಳಿವಳಿಕೆ ಸಂಪರ್ಕ ರೈತನ ಹಗೇವಿನಲ್ಲೇ ಉಳಿಯಿತು. ಬೇಸಾಯ ಹೇಳಿಕೊಟ್ಟರೇ ಹೊರತು, ಇನ್ನೊಬ್ಬರಿಗೆ ಹೇಳಿಕೊಡುವುದು ಹೇಗೆಂಬುದನ್ನು ಅವನಿಗೆ ಹೇಳಿಕೊಟ್ಟವರು ಕಡಿಮೆ. ಬೀಜೋಪಚಾರದ ಪ್ರಾತ್ಯಕ್ಷಿಕೆಯನ್ನು ಕಾರ್ಯಕರ್ತರೇ ಅಚ್ಚುಕಟ್ಟಾಗಿ ಮಾಡಿ ಮುಗಿಸಿದರೆ ಚಪ್ಪಾಳೆ ಬೀಳುತ್ತದೆ. ಹಿಂದಿನ ಸಲ ಕಲಿತ ರೈತನಿಂದ, ಆತ ತಡವರಿಸಿದರೂ ಸರಿ, ಅದನ್ನು ಮಾಡಿಸಿದರೆ ಮುಂದಿನ ಹಂಗಾಮಿಗೆ ಊರಿನಲ್ಲಿ ಒಬ್ಬ ಶಿಕ್ಷಕ ಇರುತ್ತಾನೆ. ತಡವರಿಸುವಾಗ ನಡುವೆ ಬಾಯಿ ಹಾಕದೆ ಇರುವುದೇ ಬಹಳ ಜನಕ್ಕೆ ಕಷ್ಟ!

ಕಲಿತವನು ತನ್ನನ್ನು ಮೀರಿಸಿದರೆ ಗತಿಯೇನು ಎಂಬ ಅಳುಕೂ ಕೆಲವರಿಗೆ ಉಂಟು. ಸಂಘದ ಅಧ್ಯಕ್ಷರಲ್ಲಿ ಇದು ಹೆಚ್ಚು. ಕೆಲಸ ಒಪ್ಪಿಸುತ್ತಾರೆ, ರುಜು ಹಾಕುವ ಅಧಿಕಾರ ಮಾತ್ರ ಬಿಡುವುದಿಲ್ಲ. ಅಂಥಲ್ಲಿ ಚುರುಕಾದ ಯುವಕ ಎರಡು ಸಭೆಗೆ ಬಂದು ಮೂರನೆಯದಕ್ಕೆ ಬೆಂಗಳೂರಿನ ರೈಲು ಹಿಡಿಯುತ್ತಾನೆ. ವಾರಕ್ಕೆ ಒಂದು ದಿನ ಕಾರ್ಯದರ್ಶಿ ಊರಲ್ಲಿದ್ದೂ ಸಂಘಕ್ಕೆ ಬಾರದೆ, ಸಹಾಯಕನೇ ಹಾಲು ಪರೀಕ್ಷಿಸಿ ಲೆಕ್ಕ ಬರೆದು, ಸಂಜೆ ಇಬ್ಬರೂ ಕುಳಿತು ಆ ಪುಸ್ತಕ ನೋಡುವ ಪರಿಪಾಠ ಇಟ್ಟುಕೊಳ್ಳಬಹುದು.

ಈ ಸಲ ಪುನರ್ವಸು, ಪುಷ್ಯ ಮಳೆ ಬಿದ್ದು ಕೂರಿಗೆ ಕಟ್ಟುವಾಗ ಮನೆಯ ಎಳೆಯರಲ್ಲಿ ಒಬ್ಬರ ಕೈಗೆ ಸಡ್ಡೆ ಬರಲಿ. ಹುಡುಗಿಯಾದರೂ ಸರಿಯೇ, ಸಡ್ಡೆ ಹಿಡಿಯುವುದರಲ್ಲಿ ಹೆಂಗಸರ ಕೈ ಎಂದೂ ಹಿಂದೆ ಬಿದ್ದದ್ದಲ್ಲ. ಸಾಲು ಅಲ್ಲಲ್ಲಿ ತೆಳುವಾದೀತು. ರಾಗಿ ಕೊಯ್ಲಾದ ಮೇಲೂ ಅವರೆ ಗಿಡ ಹೊಲದಲ್ಲಿ ನಿಂತಿರುತ್ತದೆ. ಸೊಗಡಿನ ಕಾಯಿ ಬಿಡಿಸಲು ಹೋದಾಗ, ಎಲ್ಲಿ ಕಾಳು ಬಿಟ್ಟುಹೋಯಿತು, ಎಲ್ಲಿ ಗುಂಪಾಗಿ ಬಿತ್ತು ಎಂಬುದನ್ನು ಬಿತ್ತಿದವರೇ ನೋಡಿ ಹೇಳುತ್ತಾರೆ.