ಫೋಟೋದಲ್ಲಿ ಇಲ್ಲದ ಚಿಕ್ಕಮ್ಮ: ಪಂಚಾಯ್ತಿಗೆ ಪ್ರಶಸ್ತಿ ಬಂದ ಮೇಲೆ ಏನಾಗುತ್ತೆ?

ಬಸ್ಸಲ್ಲಿ ಕಿಟಕಿ ಪಕ್ಕ ಕೂತ್ಕೊಂಡು, ಆಫೀಸಿಂದ ನಡ್ಕೊಂಡು ಬರ್ತಾ, ಮನೆಯಲ್ಲಿ ಪಾತ್ರೆ ತೊಳೀತಾ, ಎಲ್ಲಿಂದ ಕೇಳ್ತಿದ್ರೂ ಸ್ವಾಗತ. ಇವತ್ತಿನ ವಿಷಯ ಗ್ರಾಮ ಪಂಚಾಯ್ತಿ ಮತ್ತು ಪ್ರಶಸ್ತಿ. ಅಯ್ಯೋ ಬೋರು ಅಂತ ಮುಂದಕ್ಕೆ ಓಡಿಸ್ಬೇಡಿ. ಎರಡು ನಿಮಿಷ ಕೊಡಿ, ಆಮೇಲೆ ನೀವೇ ನಿಲ್ಲಿಸಲ್ಲ ಅನ್ನೋ ನಂಬಿಕೆ ನನಗಿದೆ.

ಎರಡು ವರ್ಷದ ಹಿಂದೆ ನಮ್ಮೂರಿನ ವಾಟ್ಸಾಪ್ ಗ್ರೂಪಲ್ಲಿ ಒಂದು ಫೋಟೋ ಬಂತು. ನಮ್ಮ ಪಂಚಾಯ್ತಿಗೆ ಸ್ವಚ್ಛತೆಗೆ ಅಂತ ಒಂದು ಪ್ರಶಸ್ತಿ ಸಿಕ್ಕಿತ್ತು. ಯಾವ ಊರು, ಯಾವ ಪ್ರಶಸ್ತಿ ಅಂತ ನಾನು ಹೇಳಲ್ಲ. ಹೇಳಿದ್ರೆ ಹಬ್ಬಕ್ಕೆ ಊರಿಗೆ ಹೋಗೋದು ಕಷ್ಟ ಆಗುತ್ತೆ. ಫೋಟೋದಲ್ಲಿ ವೇದಿಕೆ, ಶಾಲು, ಹಾರ, ದೊಡ್ಡ ಫಲಕ. ಹನ್ನೊಂದು ಜನ ನಿಂತಿದ್ರು. ನಾನು ಝೂಮ್ ಮಾಡಿ ಮಾಡಿ ಹುಡುಕಿದ್ದು ಒಂದೇ ಮುಖ, ನಮ್ಮ ಚಿಕ್ಕಮ್ಮಂದು. ಯಾಕಂದ್ರೆ ನಮ್ಮ ಪಂಚಾಯ್ತಿಯ ಕಸದ ಗಾಡಿ ಓಡಿಸೋದು ಅವರೇ.

ಸಂಜೆ ಫೋನ್ ಮಾಡ್ದೆ. "ಚಿಕ್ಕಮ್ಮ, ಫೋಟೋದಲ್ಲಿ ನೀನೇ ಇಲ್ವಲ್ಲ?"

"ಅವತ್ತು ಗಾಡಿ ಮೇಲಿದ್ದೆ ಕಣೋ. ಅವರು ಪ್ರಶಸ್ತಿ ತಗೊಳಕ್ಕೆ ಹೋದ್ರು ಅಂತ ಊರಲ್ಲಿ ಕಸ ನಿಂತ್ಬಿಡುತ್ತಾ?"

ನಗ್ತಾ ಹೇಳಿದ್ರು. ಆಮೇಲೆ ಅಷ್ಟೇ ಸಲೀಸಾಗಿ ಇನ್ನೊಂದು ಮಾತು ಹೇಳಿದ್ರು. ಮೂರು ತಿಂಗಳಿಂದ ಗೌರವಧನ ಬಂದಿರಲಿಲ್ಲ.

ನಾನು ಬಿ.ಕಾಂ. ಓದಿದೋನು. ಕ್ಲಾಸಲ್ಲಿ ಹೇಳ್ಕೊಟ್ಟಿದ್ದು ಬಹಳ ಮರೆತುಹೋಗಿದೆ, ಆದ್ರೆ ಒಂದು ವಿಷಯ ತಲೇಲಿ ಉಳಿದಿದೆ. ಒಂದ್ಸಲ ಬರೋ ದುಡ್ಡು ಬೇರೆ, ಪ್ರತಿ ತಿಂಗಳು ಆಗೋ ಖರ್ಚು ಬೇರೆ. ಪ್ರಶಸ್ತಿ ಒಂದ್ಸಲ ಬರುತ್ತೆ. ಕಸ ಪ್ರತಿ ದಿನ ಬರುತ್ತೆ. ಇವತ್ತಿನ ಎಪಿಸೋಡ್ ಪೂರ್ತಿ ಈ ಎರಡರ ನಡುವಿನ ಲೆಕ್ಕ.

ಮೊದಲು ಪ್ರಶಸ್ತಿ ವ್ಯವಸ್ಥೆ ಹೇಗಿದೆ ಅಂತ ನೋಡೋಣ. ಕರ್ನಾಟಕದಲ್ಲಿ ಸುಮಾರು 5,950 ಗ್ರಾಮ ಪಂಚಾಯ್ತಿಗಳಿವೆ. ರಾಜ್ಯ ಸರ್ಕಾರದ ಗಾಂಧಿ ಗ್ರಾಮ ಪುರಸ್ಕಾರ ತಾಲ್ಲೂಕಿಗೆ ಒಂದು ಪಂಚಾಯ್ತಿಗೆ ಅಂತ ಇರೋದು. ಜೊತೆಗೆ 5 ಲಕ್ಷ ರೂಪಾಯಿ. ದೆಹಲಿ ಮಟ್ಟದಲ್ಲಿ ರಾಷ್ಟ್ರೀಯ ಪಂಚಾಯತ್ ಪ್ರಶಸ್ತಿಗಳಿವೆ. ಅದನ್ನ ಈಗ ಒಂಬತ್ತು ವಿಷಯಗಳಾಗಿ ಮಾಡಿದ್ದಾರೆ: ಸ್ವಚ್ಛ ಮತ್ತು ಹಸಿರು ಪಂಚಾಯ್ತಿ, ಮಕ್ಕಳಸ್ನೇಹಿ ಪಂಚಾಯ್ತಿ, ಮಹಿಳಾಸ್ನೇಹಿ ಪಂಚಾಯ್ತಿ, ಹೀಗೆ. ಏಪ್ರಿಲ್ 24 ಪಂಚಾಯತ್ ರಾಜ್ ದಿನ. 1993ರಲ್ಲಿ ಅದೇ ದಿನ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದಿದ್ದು.

ಇದೆಲ್ಲ ಒಳ್ಳೇದೇ. ಆದ್ರೆ ಇಲ್ಲಿ ಗಮನಿಸಿ: ಪ್ರಶಸ್ತಿ ಹೋಗೋದು ಒಂದು ಪಂಚಾಯ್ತಿಯ ಹೆಸರಿಗೆ. ಕೆಲಸ ನಡೆಯೋದು ಮಾತ್ರ ಒಂದು ಪಂಚಾಯ್ತಿಯಿಂದಲ್ಲ.

ಕಸದ ವಿಷಯವನ್ನೇ ತಗೊಳ್ಳೋಣ. ಹಳ್ಳಿಯಲ್ಲಿ ಹಸಿ ಕಸ ಅಷ್ಟು ದೊಡ್ಡ ತಲೆನೋವಲ್ಲ. ತಿಪ್ಪೆ ಇದೆ, ದನ ಇದೆ, ತೆಂಗಿನ ಬುಡ ಇದೆ. ತಲೆನೋವು ಒಣ ಕಸ. ಹಾಲಿನ ಪ್ಯಾಕೆಟ್, ಶಾಂಪೂ ಸ್ಯಾಷೆ, ಬಿಸ್ಕೆಟ್ ಕವರ್, ಒಡೆದ ಬಕೆಟ್. ಚಿಕ್ಕಮ್ಮನ ಗಾಡಿ ಇದನ್ನ ಮನೆ ಮನೆಯಿಂದ ತಂದು ಶೆಡ್ಡಲ್ಲಿ ಸುರಿಯುತ್ತೆ. ಮುಂದೆ? ಗುಜರಿಯವರು ಬಾಟ್ಲಿ, ರಟ್ಟು, ಕಬ್ಬಿಣ ಆರಿಸ್ಕೊಂಡು ಹೋಗ್ತಾರೆ. ತೆಳ್ಳಗಿನ ಪ್ಲಾಸ್ಟಿಕ್ ಯಾರಿಗೂ ಬೇಡ. ಒಂದು ಪಂಚಾಯ್ತಿಯಲ್ಲಿ ಒಂದೊಂದು ಬಗೆ ಪ್ಲಾಸ್ಟಿಕ್ ತಿಂಗಳಿಗೆ ನಾಲ್ಕು ಚೀಲ ಸಿಕ್ಕರೆ, ಅದಕ್ಕೋಸ್ಕರ ಯಾವ ಫ್ಯಾಕ್ಟರಿಯವರು ಲಾರಿ ಕಳಿಸ್ತಾರೆ? ಡೀಸೆಲ್ ಖರ್ಚೂ ಹುಟ್ಟಲ್ಲ. ಕೊನೆಗೆ ಶೆಡ್ ತುಂಬುತ್ತೆ, ಯಾವುದೋ ರಾತ್ರಿ ಬೆಂಕಿ ಬೀಳುತ್ತೆ.

ಇದಕ್ಕೆ ಉಡುಪಿ ಜಿಲ್ಲೆಯವರು ಒಂದು ದಾರಿ ಹುಡುಕಿದ್ರು. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಒಂದು ದೊಡ್ಡ ಒಣ ಕಸ ವಿಂಗಡಣಾ ಘಟಕ ಮಾಡಿದ್ರು. ಇಂಗ್ಲಿಷಿನಲ್ಲಿ ಎಂಆರ್‌ಎಫ್ ಅಂತಾರೆ. ದಿನಕ್ಕೆ 10 ಟನ್ ಸಾಮರ್ಥ್ಯ. ಸುಮಾರು ನಲವತ್ತು ಗ್ರಾಮ ಪಂಚಾಯ್ತಿಗಳ ಒಣ ಕಸ ಅಲ್ಲಿಗೆ ಬರೋ ಹಾಗೆ ವ್ಯವಸ್ಥೆ. ಚಲಿಸೋ ಬೆಲ್ಟಿನ ಮೇಲೆ ಕಸ ಹೋಗ್ತಾ ಇರುತ್ತೆ, ಎರಡೂ ಕಡೆ ನಿಂತವರು ಬಗೆ ಬಗೆಯಾಗಿ ಬೇರ್ಪಡಿಸ್ತಾರೆ, ಆಮೇಲೆ ಯಂತ್ರದಲ್ಲಿ ಒತ್ತಿ ಕಟ್ಟು ಕಟ್ಟುತ್ತಾರೆ. ನಾಲ್ಕು ಚೀಲ ನಲವತ್ತು ಕಡೆಯಿಂದ ಬಂದ್ರೆ ನೂರರವತ್ತು ಚೀಲ. ಆಗ ಲಾರಿ ಬರುತ್ತೆ. ಮರುಬಳಕೆ ಆಗೋದು ಮರುಬಳಕೆಗೆ, ಆಗದೇ ಇರೋ ಬಿಸ್ಕೆಟ್ ಕವರ್ ಥರದ್ದನ್ನ ಸಿಮೆಂಟ್ ಕಾರ್ಖಾನೆಗಳು ಉರುವಲಾಗಿ ತಗೊಳ್ತವೆ. ದಕ್ಷಿಣ ಕನ್ನಡದ ತೆಂಕ ಎಡಪದವಿನಲ್ಲೂ ಇಂಥದ್ದೇ ಒಂದು ಘಟಕ ಬಂತು.

ಇಲ್ಲಿ ಹೊಸತನ ಯಾವುದು? ಬೆಲ್ಟ್, ಯಂತ್ರ ಯಾವುದೂ ಹೊಸದಲ್ಲ. ನಲವತ್ತು ಪಂಚಾಯ್ತಿಗಳು ನಮ್ಮ ಕಸ, ನಿಮ್ಮ ಕಸ ಅನ್ನೋದನ್ನ ಬಿಟ್ಟು ಒಂದೇ ಒಪ್ಪಂದಕ್ಕೆ ಬಂದಿದ್ದು ಹೊಸತನ. ಊರಿನ ಜಾತ್ರೆಗೆ ಎರಡು ಬೀದಿಯವರನ್ನ ಒಪ್ಪಿಸೋದೇ ಎಷ್ಟು ಕಷ್ಟ ಅಂತ ಗೊತ್ತಿರೋರಿಗೆ ಇದು ಎಷ್ಟು ದೊಡ್ಡ ಕೆಲಸ ಅಂತ ಅರ್ಥ ಆಗುತ್ತೆ.

ಇದರ ಕೆಳಗೆ ಇನ್ನೊಂದು ಒಪ್ಪಂದ ಇದೆ. ಪಂಚಾಯ್ತಿ ಮತ್ತು ಸ್ವಸಹಾಯ ಸಂಘಗಳ ಮಹಿಳಾ ಒಕ್ಕೂಟದ ನಡುವಿನದ್ದು. ರಾಜ್ಯದ ಬಹಳ ಕಡೆ ಕಸ ಸಂಗ್ರಹ ಮಾಡೋದು ಈ ಒಕ್ಕೂಟದ ಮಹಿಳೆಯರು. ಸ್ವಚ್ಛ ವಾಹಿನಿ ಅಂತ ಬರೆದಿರೋ ಗಾಡಿ ನೋಡಿರ್ತೀರಿ. ಅದನ್ನ ಓಡಿಸೋಕೆ ಅಂತಾನೇ ಎಷ್ಟೋ ಹೆಣ್ಣುಮಕ್ಕಳು ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸ್ಕೊಂಡ್ರು. ನಮ್ಮ ಚಿಕ್ಕಮ್ಮ ಅದಕ್ಕೂ ಮುಂಚೆ ಸೈಕಲ್ಲೂ ಹೊಡೆದವರಲ್ಲ. ಈಗ ರಿವರ್ಸ್ ತಗೊಳೋದನ್ನ ನನಗೆ ಹೇಳ್ಕೊಡ್ತಾರೆ.

ಕಸ ಬಿಟ್ಟು ಇನ್ನೊಂದು ಉದಾಹರಣೆ ಕೊಡ್ತೀನಿ. ಹಳ್ಳಿ ಲೈಬ್ರರಿಗಳು. 2019ರಲ್ಲಿ ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಕೊರೊನಾ ಟೈಮಲ್ಲಿ, 2020ರ ನವೆಂಬರಲ್ಲಿ, ಓದುವ ಬೆಳಕು ಅಂತ ಕಾರ್ಯಕ್ರಮ ಶುರುವಾಯ್ತು. ಶಾಲೆಗೆ ಬಾಗಿಲು ಹಾಕಿತ್ತು. ಆಗ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟು ಲೈಬ್ರರಿಗೆ ಕರೆದ್ರು. ಜನ ಪುಸ್ತಕ ದಾನ ಮಾಡಿದ್ರು, ಪಂಚಾಯ್ತಿ ಗೋಡೆಗೆ ಬಣ್ಣ ಬಳಿಸ್ತು, ಮೇಲ್ವಿಚಾರಕರು ಬಾಗಿಲು ತೆಗೆದು ಕೂತ್ರು. ಇವೇ ಈಗ ಅರಿವು ಕೇಂದ್ರ ಅಂತ ಬೋರ್ಡ್ ಹಾಕ್ಕೊಂಡಿರೋದು. ಇಲ್ಲೂ ಅಷ್ಟೇ. ಯಾರೋ ಒಬ್ಬರು ಮಾಡಿದ್ದು ಅಂತ ಬೆರಳು ತೋರಿಸೋಕಾಗಲ್ಲ. ಇದರಲ್ಲಿ ಒಬ್ಬರು ಕೈ ಬಿಟ್ಟಿದ್ರೂ ಬಾಗಿಲಿಗೆ ಬೀಗ.

ಸರಿ, ಈಗ ನನ್ನ ಬಿ.ಕಾಂ. ಲೆಕ್ಕ. ಇದು ಅಂದಾಜಿನ ಲೆಕ್ಕ, ಯಾವ ಪಂಚಾಯ್ತಿದೂ ಅಲ್ಲ. ಸಾವಿರ ಮನೆ ಇರೋ ಒಂದು ಪಂಚಾಯ್ತಿ ಅಂತ ಇಟ್ಕೊಳ್ಳಿ. ಗಾಡಿಯಲ್ಲಿ, ಶೆಡ್ಡಲ್ಲಿ ಸೇರಿ ನಾಲ್ಕು ಜನ ಮಹಿಳೆಯರು. ತಿಂಗಳಿಗೆ ತಲಾ 10,000. ಅಲ್ಲಿಗೆ 40,000. ಡೀಸೆಲ್, ರಿಪೇರಿ 10,000. ಒಟ್ಟು 50,000. ಪ್ರಶಸ್ತಿ ಮೊತ್ತ 5 ಲಕ್ಷ ಪೂರ್ತಿ ಇದಕ್ಕೇ ಹಾಕಿದ್ರೂ ಹತ್ತು ತಿಂಗಳು. ಹನ್ನೊಂದನೇ ತಿಂಗಳು ಖಾಲಿ.

ಈಗ ಇನ್ನೊಂದು ಕಡೆಯಿಂದ ನೋಡಿ. ಸಾವಿರ ಮನೆಯವರೂ ತಿಂಗಳಿಗೆ 50 ರೂಪಾಯಿ ಕೊಟ್ರೆ 50,000. ಲೆಕ್ಕ ಸರಿಹೋಯ್ತು. ಒಂದು ಪ್ಲೇಟ್ ಗೋಬಿ ಮಂಚೂರಿ ದುಡ್ಡು. ಆದ್ರೆ ನೂರಕ್ಕೆ ಅರವತ್ತು ಮನೆಯವರು ಮಾತ್ರ ಕೊಟ್ರೆ ತಿಂಗಳಿಗೆ 20,000 ಕಮ್ಮಿ ಬೀಳುತ್ತೆ. ಆ 20,000 ಯಾರ ತಲೆ ಮೇಲೆ ಬೀಳುತ್ತೆ ಹೇಳಿ? ಡೀಸೆಲ್ ಬಂಕಿನವರು ಸಾಲ ಕೊಡಲ್ಲ. ಗಾಡಿ ರಿಪೇರಿ ಮಾಡೋನು ಬಿಡಲ್ಲ. ಕಾಯೋದು ಚಿಕ್ಕಮ್ಮಂದಿರು.

ಒಂದ್ಸಲ ಕೊಟ್ಟು ಕೈ ತೊಳ್ಕೊಳ್ಳೋ ಪ್ರಶಸ್ತಿ ಏನು ಮಾಡುತ್ತೆ ಅನ್ನೋದಕ್ಕೆ ನಮ್ಮ ದೇಶದಲ್ಲಿ ಹಳೇ ಉದಾಹರಣೆ ಇದೆ. 2003ರಲ್ಲಿ ಕೇಂದ್ರ ಸರ್ಕಾರ ನಿರ್ಮಲ್ ಗ್ರಾಮ ಪುರಸ್ಕಾರ ಘೋಷಿಸ್ತು. ಬಯಲು ಶೌಚ ಇಲ್ಲದ ಪಂಚಾಯ್ತಿಗಳಿಗೆ ಬಹುಮಾನ. ಊರೂರು ಹುರುಪಿಂದ ಶೌಚಾಲಯ ಕಟ್ಟಿಸಿದವು. ಆದ್ರೆ ಪ್ರಶಸ್ತಿ ಬಂದ ಎಷ್ಟೋ ಊರುಗಳಲ್ಲಿ ಜನ ಮತ್ತೆ ಬಯಲಿಗೇ ಹೋಗ್ತಿದ್ದಾರೆ ಅಂತ ಆಮೇಲೆ ನಡೆದ ಅಧ್ಯಯನಗಳಲ್ಲಿ ಗೊತ್ತಾಯ್ತು. ಫಲಕ ಗೋಡೆ ಮೇಲೇ ಇತ್ತು.

ಹಾಗಾದ್ರೆ ಪ್ರಶಸ್ತಿನೇ ಬೇಡ್ವಾ? ನಾನೂ ಹಾಗೇ ಅಂದ್ಕೊಂಡಿದ್ದೆ. ಚಿಕ್ಕಮ್ಮ ಒಪ್ಪಲಿಲ್ಲ. "ಪ್ರಶಸ್ತಿ ಬಂದ್ಮೇಲೆ ಜನ ಸ್ವಲ್ಪ ಬದಲಾದ್ರು ಕಣೋ. ಮುಂಚೆ ಗಾಡಿ ಬಂದ್ರೆ ಮೂಗು ಮುಚ್ಕೊಂಡು ಬಕೆಟ್ ಎಸೆಯೋರು. ಈಗ ಹಸಿ ಬೇರೆ ಒಣ ಬೇರೆ ಮಾಡಿ ಕೊಡ್ತಾರೆ. ಕೆಲವರು ನೀರು ಬೇಕಾ ಅಂತಾನೂ ಕೇಳ್ತಾರೆ" ಅಂದ್ರು. ಅದು ಸಣ್ಣ ಮಾತಲ್ಲ. ಒಂದು ಫಲಕಕ್ಕೆ ಇಷ್ಟು ಶಕ್ತಿ ಇದೆ ಅಂದ್ಮೇಲೆ, ಅದನ್ನ ಸರಿಯಾದ ಕಡೆ ತಿರುಗಿಸೋದು ಹೇಗೆ ಅನ್ನೋದೇ ಪ್ರಶ್ನೆ.

ನನ್ನ ಪ್ರಕಾರ, ಪ್ರಶಸ್ತಿ ಕೊಡೋರು ಮೂರು ವಿಷಯ ಕೇಳ್ಬೇಕು. ಒಂದು, ಈ ಕೆಲಸಕ್ಕೆ ಯಾರ‍್ಯಾರು ಕೈ ಹಾಕಿದ್ದಾರೆ, ಅವರ ಹೆಸರು ಅರ್ಜಿಯಲ್ಲಿ ಇದೆಯಾ? ಒಕ್ಕೂಟ, ಪಕ್ಕದ ಪಂಚಾಯ್ತಿ, ಲೈಬ್ರರಿ ಮೇಲ್ವಿಚಾರಕರು, ಎಲ್ಲರೂ. ಎರಡು, ಕೆಲಸ ಮಾಡೋರಿಗೆ ಕಳೆದ ಹನ್ನೆರಡು ತಿಂಗಳಲ್ಲಿ ಎಷ್ಟು ತಿಂಗಳು ಟೈಮಿಗೆ ದುಡ್ಡು ಬಂದಿದೆ? ಮೂರು, ಎರಡು ವರ್ಷ ಬಿಟ್ಟು ಹೇಳದೇ ಬಂದು ನೋಡಿದ್ರೆ ಕೆಲಸ ನಡೀತಿರುತ್ತಾ? ಆವಾಗ ಅರ್ಧ ಮೊತ್ತ ಈಗ, ಉಳಿದರ್ಧ ಆಮೇಲೆ ಅಂತ ಕೊಡಲಿ. ಬಿಲ್ಡಿಂಗ್ ಕಾಂಟ್ರಾಕ್ಟರಿಗೆ ನಾವು ಪೂರ್ತಿ ದುಡ್ಡು ಮೊದಲೇ ಕೊಡ್ತೀವಾ?

ಇದೆಲ್ಲ ಸರ್ಕಾರಕ್ಕೆ ಹೇಳೋ ಮಾತಾಯ್ತು. ನಾವೇನು ಮಾಡ್ಬಹುದು? ನಮ್ಮ ರಾಜ್ಯದಲ್ಲಿ ಜಮಾಬಂದಿ ಅಂತ ಒಂದು ಪದ್ಧತಿ ಇದೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಗ್ರಾಮ ಪಂಚಾಯ್ತಿಯ ಹಿಂದಿನ ವರ್ಷದ ಲೆಕ್ಕಪತ್ರವನ್ನ ಜನರ ಮುಂದೆ ಇಡಬೇಕು. ಯಾರು ಬೇಕಾದ್ರೂ ಹೋಗಿ ಪ್ರಶ್ನೆ ಕೇಳಬಹುದು. ಆರು ತಿಂಗಳಿಗೊಮ್ಮೆಯಾದ್ರೂ ನಡೀಬೇಕಾದ ಗ್ರಾಮಸಭೆ ಬೇರೆ, ಇದು ಬೇರೆ. ನಾನು ಕಾಮರ್ಸ್ ಓದಿ ಇಷ್ಟು ವರ್ಷ ಆದ್ರೂ ಇದಕ್ಕೆ ಒಂದ್ಸಲಾನೂ ಹೋಗಿರಲಿಲ್ಲ.

ಹೋದ ವರ್ಷ ರಜೆ ಹಾಕಿ ಹೋದೆ. ಫೈಲು ತುಂಬಿದ ಟೇಬಲ್ಲು, ಪ್ಲಾಸ್ಟಿಕ್ ಕುರ್ಚಿ, ಜಾಸ್ತಿ ಜನ ಇರಲಿಲ್ಲ. ಧೈರ್ಯ ಮಾಡಿ ಎದ್ದು ನಿಂತು ಕೇಳ್ದೆ, "ಸರ್, ಕಸದ ಗಾಡಿ ಕೆಲಸದವರ ಗೌರವಧನ ಯಾಕೆ ಲೇಟು?"

ಪಿಡಿಒ ಸಿಟ್ಟು ಮಾಡ್ಕೊಳ್ಳಲಿಲ್ಲ. ಕಸದ ಶುಲ್ಕದ ರಿಜಿಸ್ಟರ್ ತೆಗೆದು ನನ್ನ ಕಡೆ ತಿರುಗಿಸಿದ್ರು. ಅರ್ಧಕ್ಕಿಂತ ಜಾಸ್ತಿ ಮನೆ ಬಾಕಿ. ಬೆರಳು ಇಟ್ಕೊಂಡು ನೋಡ್ತಾ ಹೋದೆ. ನಮ್ಮ ಬೀದಿ ಬಂತು. ನಮ್ಮ ಮನೆ ನಂಬರ್ ಬಂತು. ಏಳು ತಿಂಗಳು ಬಾಕಿ.

ಸ್ವಂತ ಚಿಕ್ಕಮ್ಮನ ಸಂಬಳ ಯಾಕೆ ಬಂದಿಲ್ಲ ಅಂತ ಎದ್ದು ನಿಂತು ಕೇಳಿದೋನ ಮನೆಯೇ ದುಡ್ಡು ಕಟ್ಟಿರಲಿಲ್ಲ. ಮನೆಗೆ ಬಂದು ಅಪ್ಪನ್ನ ಕೇಳಿದ್ರೆ, "ಪ್ರಶಸ್ತಿ ದುಡ್ಡು ಬಂದಿದೆಯಲ್ಲ, ಇನ್ಯಾಕೆ ಕಟ್ಬೇಕು ಅಂತ ಬಿಟ್ಟೆ" ಅಂದ್ರು. ಆವಾಗ ನನಗೆ ಪೂರ್ತಿ ಅರ್ಥ ಆಯ್ತು. ಫಲಕ ನೋಡಿ ಊರೇ ಕೆಲಸ ಮುಗೀತು ಅಂದ್ಕೊಂಡಿತ್ತು. ಪಂಚಾಯ್ತಿಯದ್ದೂ ತಪ್ಪಿದೆ, ಬೇರೆ ಬಾಬ್ತಿನಿಂದ ಮೊದಲು ಕೆಲಸದವರಿಗೆ ಕೊಡಬಹುದಿತ್ತು. ಆದ್ರೆ ಆ ತಪ್ಪಿನ ಒಂದು ಕಂತು ನಮ್ಮ ಮನೇದು.

350 ರೂಪಾಯಿ. ಅವತ್ತೇ ಸಂಜೆ ಕಟ್ಟಿ ರಸೀದಿ ತಗೊಂಡೆ.

ಹಾಗಾಗಿ ನಿಮ್ಮ ಹತ್ರ ಕೇಳೋದು ಇಷ್ಟೇ. ಊರಿಗೆ ಫೋನ್ ಮಾಡಿದಾಗ ಒಂದ್ಸಲ ಕೇಳಿ, ಕಸದ ದುಡ್ಡು ಕಟ್ಟಿದ್ದೀರಾ ಅಂತ. ಜಮಾಬಂದಿ ಯಾವತ್ತು ಅಂತ ಪಂಚಾಯ್ತಿಯಲ್ಲಿ ವಿಚಾರಿಸಿ. ಗಾಡಿ ಓಡಿಸೋರ ಹೆಸರು ಏನು ಅಂತ ತಿಳ್ಕೊಳ್ಳಿ.

ಚಿಕ್ಕಮ್ಮನ ಬಾಕಿಯಲ್ಲಿ ಎರಡು ತಿಂಗಳದ್ದು ಬಂದಿದೆ. ಒಂದು ತಿಂಗಳದ್ದು ಇನ್ನೂ ಬರಬೇಕು. ಈ ಸಲದ ಜಮಾಬಂದಿಗೂ ಹೋಗ್ತೀನಿ. ಚಿಕ್ಕಮ್ಮನೂ ಬರ್ತಾರಂತೆ, ಕಸ ಎತ್ತಿ ಮುಗಿಸ್ಕೊಂಡು.